ಕಲ್ಲಿನ ಹಲ್ಲಿಯ ಬೆರಳು

ಮೊದಲು ಸಂತೋಷದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನ್ನ ಮೊಮ್ಮಗಳ ಹೆಸರು ಪುಸ್ತಕದಲ್ಲಿ ಅಚ್ಚಾಗಿದೆ! ಕೊಯಿಲದ ಕಡೆಯ ಬಂಡೆಯ ಸಂದಿನಲ್ಲಿ ಅವಳು ಕಂಡ ಹೆಬ್ಬೆರಳುದ್ದದ ಹಲ್ಲಿಯನ್ನು ಎಲ್ಲರೂ ಗೊತ್ತಿರುವ ಹಳೆಯ ಜಾತಿಯೇ ಎಂದರೆ, ಇವಳೊಬ್ಬಳು ಅಲ್ಲ, ಬೇರೆ ಜಾತಿ ಎಂದಿದ್ದಳಂತೆ. ಕೊನೆಗೆ ದೊಡ್ಡ ದೊಡ್ಡ ಮೇಷ್ಟರುಗಳೆಲ್ಲ ಅವಳು ಹೇಳಿದ್ದೇ ಸರಿ ಎಂದು ಒಪ್ಪಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದೆ. ಪಕ್ಕದ ಮನೆಗೂ ತೋರಿಸಿ ಬಂದೆ.

ಇವತ್ತು ಬೆಳಿಗ್ಗೆ ಅವಳು ಒಂದು ಗಾಜಿನ ಭರಣಿ ತಂದಳು. ಬಾಯಿಗೆ ತೆಳು ಬಟ್ಟೆ ಕಟ್ಟಿತ್ತು, ಒಳಗೆ ಪುಟ್ಟ ಹಲ್ಲಿ. ಭರಣಿಯನ್ನು ನನ್ನ ಕಣ್ಣಿಗಿಂತ ಮೇಲೆ ಎತ್ತಿ, "ಅಡಿಯಿಂದ ನೋಡಿ ಅಜ್ಜಿ. ಬೆರಳು ನೋಡಿ" ಎಂದಳು.

ಇದೇ ಮಾತನ್ನು, ಭರಣಿಯನ್ನು ಹೀಗೇ ಎತ್ತಿ ಹಿಡಿದು, ಐವತ್ತು ವರ್ಷದ ಹಿಂದೆ ಒಬ್ಬರು ನನಗೆ ಹೇಳಿದ್ದರು...

ನಾನು ನರಿಮೊಗರಿನ ಈ ಮನೆಗೆ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಇಸವಿ ಎಪ್ಪತ್ತೈದು, ಎಪ್ಪತ್ತಾರರ ಸುಮಾರು ಇರಬೇಕು. ಮನೆಯಿಂದ ಹತ್ತು ಹೆಜ್ಜೆಯಲ್ಲಿ, ರಸ್ತೆಗೆ ತಾಗಿಕೊಂಡು ಕೊಡೆ ರಿಪೇರಿ ಮಾಡುವ ಬ್ಯಾರಿ ಮುಸ್ಲಿಂ ಮುದುಕರೊಬ್ಬರ ಅಂಗಡಿ ಇತ್ತು. ಊರಿಗೆಲ್ಲ ಅವರು ಕೊಡೆಯ ಕಾಕ. ಮುರಿದ ಕಡ್ಡಿಗಳ ನಡುವೆ ಅವರು ಮೂರು ಪೆಪ್ಪರಮಿಂಟಿನ ಭರಣಿ ಇಟ್ಟಿದ್ದರು. ಮೂರರಲ್ಲೂ ಹಲ್ಲಿಗಳು, ಒಂದರಲ್ಲಿ ಮನೆಯದು, ಒಂದರಲ್ಲಿ ಮರದ್ದು, ಒಂದರಲ್ಲಿ ಬಂಡೆಕಲ್ಲಿನದು! ಬೇರೆಯವರು ಗಿಳಿ ಸಾಕಿದ ಹಾಗೆ ಅವರು ಹಲ್ಲಿ ಸಾಕುತ್ತಿದ್ದರು. ನುಸಿ ಹಿಡಿದು ಹಾಕುವರು, ಬಟ್ಟೆಯ ಮೇಲೆ ನೀರು ಚಿಮುಕಿಸುವರು.

ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟು ಬರುವಾಗ ನಾನು ಅಲ್ಲಿ ನಿಲ್ಲುತ್ತಿದ್ದೆ. ಕಾಕ ಭರಣಿ ಎತ್ತಿ ಹಿಡಿದು ಹೇಳುವರು:

"ಬಣ್ಣ ನೋಡಿ ಮೋಸ ಹೋಗಬೇಡ ಮಗಳೇ. ಹಲ್ಲಿಗೆ ಬಣ್ಣ ಅಂದರೆ ನಿಮಗೆ ಸೀರೆ ಇದ್ದ ಹಾಗೆ, ಬೇಕಾದಾಗ ಬದಲಾಯಿಸ್ತದೆ. ಬೆರಳು ನೋಡು."

ಮನೆಯ ಹಲ್ಲಿಯ ಬೆರಳು ಅಗಲ, ಅಡಿಯಲ್ಲಿ ಗೆರೆಗೆರೆ. ಮರದ್ದಕ್ಕೂ ಸುಮಾರು ಹಾಗೆಯೇ, ಮೈ ಮಾತ್ರ ತೊಗಟೆಯಂತೆ. ಕಲ್ಲಿನದಕ್ಕೆ ಆ ಅಗಲವೇ ಇಲ್ಲ. ಸಪೂರ ಬೆರಳು, ತುದಿಯಲ್ಲಿ ಉಗುರು, ಕಣ್ಣಿನ ಪಾಪೆ ಗುಂಡಗೆ. ಅದು ವಿಷದ್ದೆಂದು ಊರಿನವರು ಹೆದರುತ್ತಿದ್ದರು. ತಿಂಗಳೊಳಗೆ ನಾನೂ ಕಲಿತೆ. ಶಾಲೆಯಲ್ಲಿ ಸಿಗದ ಶಾಭಾಸು ನನಗೆ ಆ ಅಂಗಡಿಯಲ್ಲಿ ಸಿಕ್ಕಿತು.

ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ದಿನ, ಅತ್ತೆ ನನ್ನ ತಲೆಯ ಮೇಲೆ ದೊಡ್ಡ ಹಿತ್ತಾಳೆ ಪಾತ್ರೆ ಇಟ್ಟರು. "ಕಲಾಯಿಯವನು ಬಂದಿದ್ದಾನೆ, ಕಲಾಯಿ ಹಾಕಿಸಿಕೊಂಡು ಬಾ. ಒಳಗಿನ ತವರವೆಲ್ಲ ಹೋಗಿ ಹಳದಿ ಕಾಣ್ತಾ ಉಂಟು." ನಾನು ಹೊರಟೆ. ದಾರಿಯಲ್ಲಿ ಕಾಕನ ಅಂಗಡಿ. ಕಲ್ಲಿನ ಹಲ್ಲಿ ಎರಡು ಮೊಟ್ಟೆ ಇಟ್ಟಿತ್ತು... ನೋಡುತ್ತಾ ಕುಳಿತೆ. ಎದ್ದು ಹೋಗುವಷ್ಟರಲ್ಲಿ ಕಲಾಯಿಯವನು ಬೆಂಕಿ ನಂದಿಸಿ ಬಸ್ಸು ಹತ್ತಿದ್ದ.

ಅತ್ತೆಗೆ ಹೇಳಲು ಹೆದರಿಕೆ. ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದೆ, ಬೆಳಿಗ್ಗೆ ನಾನೇ ಮೊದಲೆದ್ದು ಅದರಲ್ಲೇ ಹುಣಸೆ ಹುಳಿಯ ಸಾರು ಮಾಡಿಟ್ಟೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಬಿಟ್ಟು ವಿಷವಾಗುತ್ತದೆಂದು ಇಲ್ಲಿ ಎಳೆಯ ಹುಡುಗಿಗೂ ಗೊತ್ತು. ನನಗೂ ಗೊತ್ತಿತ್ತು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ. ಮಧ್ಯಾಹ್ನ ಊಟ ಮುಗಿದು ಒಂದು ಗಳಿಗೆಯೂ ಆಗಲಿಲ್ಲ, ಗಂಡಿನ ಕಡೆಯ ಐದು ಜನ ಅಂಗಳದಲ್ಲಿ ಕಕ್ಕುತ್ತಿದ್ದರು. ನಾದಿನಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು.

ಉಳಿದ ಸಾರು ಚೆಲ್ಲಲು ಹೋದಾಗ ಅದರಲ್ಲಿ ಹಲ್ಲಿ ತೇಲುತ್ತಿತ್ತು. ಮುಚ್ಚದೆ ಬಿಟ್ಟ ಪಾತ್ರೆಗೆ ಆಮೇಲೆ ಬಿದ್ದದ್ದು. ಬಡಿಸುವಾಗ ಸೌಟಿಗೆ ಸಿಕ್ಕಿರಲಿಲ್ಲ. ಸೌಟಿನಲ್ಲೆತ್ತಿ ನೋಡಿದೆ. ಅಗಲ ಬೆರಳು, ಗೆರೆಗೆರೆ. ಮನೆಯ ಹಲ್ಲಿ.

ಹಿಂದೆಯೇ ಅತ್ತೆ. "ಅಯ್ಯೋ, ಇದು ಆ ಕೊಡೆಯವನ ಕಲ್ಲಿನ ಹಲ್ಲಿಯಾ, ಆ ವಿಷದ್ದು? ನೀನು ಯಾವಾಗಲೂ ನೋಡುದಲ್ವಾ, ಹೇಳು ಮಾರಾಯ್ತಿ!"

"ಹೌದು ಅತ್ತೆ" ಎಂದೆ.

ಎರಡೇ ಶಬ್ದ. ಗಂಡಿನ ಕಡೆಯವರ ಸಿಟ್ಟು ಇಳಿಯಿತು, ಹಲ್ಲಿಗೆ ಯಾರೇನು ಮಾಡಲು ಸಾಧ್ಯ ಎಂದರು. ಸಂಬಂಧ ಉಳಿಯಿತು, ನಾನೂ ಉಳಿದೆ. ಸಂಜೆಯೊಳಗೆ ಊರಿನವರು ಅಂಗಡಿಯ ಮುಂದೆ ಸೇರಿದರು. ಕಟ್ಟಡದ ಯಜಮಾನರು ಜಾಗ ಖಾಲಿ ಮಾಡಲು ಹೇಳಿದರು.

ಕಾಕ ನಮ್ಮ ಅಂಗಳಕ್ಕೆ ಬಂದರು. ಬೇರೆ ಯಾರ ಜೊತೆಯೂ ಮಾತಾಡಲಿಲ್ಲ. "ಮಗಳೇ, ಬೆರಳು ನೋಡಿದ್ದೀಯಾ?"

"ನೋಡಲಿಲ್ಲ ಕಾಕ. ಬಿಸಾಡಿ ಆಯಿತು."

ಬಾವಿಕಟ್ಟೆಯಲ್ಲಿ ತೊಳೆದಿಟ್ಟ ಪಾತ್ರೆಯ ಒಳಮೈ ಬಿಸಿಲಿಗೆ ಹಳದಿಯಾಗಿ ಹೊಳೆಯುತ್ತಿತ್ತು. ಅವರು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಸುಳ್ಳು ಬಯಲಾಗುತ್ತಿತ್ತು... ಹೇಳಲಿಲ್ಲ. ಮರುದಿನ ಅಂಗಡಿ ಖಾಲಿ. ರಿಪೇರಿಗೆ ಕೊಟ್ಟಿದ್ದ ನನ್ನ ಕೊಡೆ ಹೊಸ ಕಡ್ಡಿ ಹಾಕಿಸಿಕೊಂಡು ನಮ್ಮ ಬೇಲಿಯಲ್ಲಿ ನೇತಾಡುತ್ತಿತ್ತು.

ಕಾಕ ಉಪ್ಪಿನಂಗಡಿಯಲ್ಲಿ ಬಸ್ಸು ನಿಲ್ಲುವಲ್ಲಿ ನೆಲದ ಮೇಲೆ ಕುಳಿತು ಕೊಡೆ ಹೊಲಿಯುತ್ತಾರೆಂದು ಕೇಳಿದೆ. ಹೋಗಬೇಕು, ಹೋಗಬೇಕು ಎನ್ನುತ್ತಲೇ ಮಕ್ಕಳಾದವು. ಎಂಬತ್ತನೇ ಇಸವಿಯ ನಂತರ ಒಮ್ಮೆ ಧೈರ್ಯ ಮಾಡಿ ಹೋದೆ. ಅಲ್ಲಿ ಬೇರೆಯವರು ಕುಳಿತಿದ್ದರು. "ಅವರು ಹೋದ ಮಳೆಗಾಲ ತೀರಿಕೊಂಡರು ಅಕ್ಕ. ಎಂತ, ಕೊಡೆ ಉಂಟಾ?" ಎಂದು ಕೇಳಿದರು. ಇಲ್ಲ ಎಂದು ಹೇಳಿ ಬಂದೆ.

ಇವತ್ತು ಸಂಜೆ ಮೊಮ್ಮಗಳ ಹೆಸರು ಅಚ್ಚಾದ ಲೆಕ್ಕದಲ್ಲಿ ಪಾಯಸದ ಊಟ. ಎಲ್ಲರೂ ಸೇರಿದ್ದೆವು, ಮೊಮ್ಮಕ್ಕಳನ್ನು ಕಟ್ಟಿಕೊಂಡು ನಾದಿನಿಯೂ ಬಂದಿದ್ದಳು. ಯಾವ ಊಟದಲ್ಲೂ ತಪ್ಪದ ಅವಳ ನಗೆಕತೆ ಶುರುವಾಯಿತು: "ನನ್ನನ್ನು ನೋಡಲು ಬಂದವರಿಗೆ ಕೊಡೆಯವನ ಹಲ್ಲಿ..."

"ಹಲ್ಲಿಯಲ್ಲ" ಎಂದೆ. "ಕಲಾಯಿ ಹಾಕಿಸಿರಲಿಲ್ಲ. ತಪ್ಪು ನನ್ನದು."

ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಅನ್ನ ಒಣಗಿತು.

"ಎಂತ ಅತ್ತಿಗೆ ನೀವು..." ಎಂದಳು ನಾದಿನಿ.

ಮೊಮ್ಮಗಳು ಹತ್ತಿರ ಸರಿದಳು. "ಇನ್ನೊಂದು ಹಲ್ಲಿಯ ಬಗ್ಗೆ ಬರೆಯುವಾಗ ಅವರನ್ನು ನೆನೆಯುತ್ತೇನೆ ಅಜ್ಜಿ. ಅವರ ಹೆಸರೆಂತ?"

ಬಾಯಿ ತೆರೆದೆ. ಕಾಕ, ಕಾಕ ಎಂದೇ ಕರೆದದ್ದು. ಮೂರು ಭರಣಿಯ ಹಲ್ಲಿಗಳ ಬೆರಳು ಈಗಲೂ ಕಣ್ಣಿಗೆ ಕಟ್ಟಿದೆ. ಅವರ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ನಾದಿನಿ ಎದ್ದು, ಸ್ಟೀಲಿನ ಪಾತ್ರೆಯ ಮುಚ್ಚಳ ತೆಗೆದು, ನನ್ನ ಅನ್ನಕ್ಕೆ ಬಿಸಿ ಸಾರು ಹಾಕಿದಳು. "ಉಣ್ಣಿ ಅತ್ತಿಗೆ" ಎಂದಳು. ಎಲ್ಲರೂ ಉಂಡೆವು.