ಗಾಡಿ ಹೂಂ ಅನ್ನುವ ತನಕ

ಕಾರನ್ನು ಹಿಂದಕ್ಕೆ ತೆಗೆಯುವ ಮುನ್ನ ಗೇರು ಹಾಕಿ ಸುಮ್ಮನೆ ಕೂತುಬಿಡುವವರು ಆ ಊರಲ್ಲಿ ಯಾರಾದರೂ ಕಣ್ಣಿಗೆ ಬಿದ್ದರೆ, ಕೇಳುವುದೇ ಬೇಡ, ಅವರು ಹೂಂ ಟೀಚರ್ ಹತ್ತಿರ ಕಲಿತವರು. ಗಾಡಿ ಮೊನ್ನೆ ತಾನೇ ಶೋರೂಮಿನಿಂದ ಬಂದದ್ದಿರಲಿ, ಹಿಂದಿನವನು ಹಾರ್ನ್ ಬಾರಿಸಿ ಕಿವಿ ತೂತು ಮಾಡಲಿ, ಒಂದು ಗಳಿಗೆ ಕಾದೇ ಕಾಯುತ್ತಾರೆ. ಟೀಚರಿಗೆ ಆ ಹೆಸರು ಬಂದದ್ದೂ ಇದರಿಂದಲೇ.

ಡ್ರೈವಿಂಗ್ ಕಲಿಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಕ್ಲಚ್ ತುಳಿಯಲು ಎಡಗಾಲಿಲ್ಲದವರು, ಕಾಲಿದ್ದೂ ಅದರಲ್ಲಿ ಬಲವಿಲ್ಲದವರು, ಲಕ್ವ ಹೊಡೆದು ಚೇತರಿಸಿಕೊಂಡವರು, ಇವರೆಲ್ಲ ಹೋಗಬೇಕಾದದ್ದು ಈ ಟೀಚರ್ ಹತ್ತಿರವೇ. ಕ್ಲಚ್ಚಿಲ್ಲದೆ ತಾನಾಗಿಯೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಕಾರು ಕಲಿಸುವುದಕ್ಕೆಂದು ಇದ್ದದ್ದು ಅವರೊಬ್ಬರ ಬಳಿ. ತೀರಿಕೊಂಡ ಗಂಡ ಬಿಟ್ಟುಹೋದ ಬಿಳಿ ಕಾರು ಅದು. ಬೇರೆ ಯಾರಾದರೂ ಆಗಿದ್ದರೆ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಪಕ್ಕದ ಸೀಟಿನ ಮುಂದೆ ಕಾಲಡಿಗೆ ಇನ್ನೊಂದು ಬ್ರೇಕ್ ಕೂಡಿಸಿ, ಬಾಗಿಲಿಗೊಂದು ಬೋರ್ಡು ತಗುಲಿಸಿ, ಕಲಿಸಲು ಕೂತರು. ಎಂಥ ಗಟ್ಟಿ ಹೆಂಗಸು ಅಂತೀರಿ! ಶಿಷ್ಯ ಗೋಡೆಗೆ ಗುದ್ದಿದರೂ, ಗೋಡೆಗೆ ಏನೂ ಆಗಿಲ್ಲ ತಾನೇ ಎಂದು ಕೇಳುವಂಥವರು.

ವರ್ಷಗಳು ಕಳೆದ ಹಾಗೆ ಕಾರಿನ ಗೇರ್‌ಬಾಕ್ಸಿಗೂ ಮುಪ್ಪು ಬಂತು. ಮುಂದಕ್ಕೆ ಹೋಗಲು ಅದಕ್ಕೆ ತಕರಾರಿರಲಿಲ್ಲ. ರಿವರ್ಸ್ ಹಾಕಿದರೆ ಮಾತ್ರ ಎಲ್ಲೋ ಯೋಚನೆಗೆ ಬಿದ್ದಂತೆ ಸುಮ್ಮನಿರುತ್ತಿತ್ತು. ಆಮೇಲೆ ಒಳಗಿನಿಂದ ಸಣ್ಣದೊಂದು 'ಹೂಂ' ಹೊರಟು, ಮೈ ಒಮ್ಮೆ ಅದುರಿ, ಗೇರು ಹಿಡಿದುಕೊಳ್ಳುತ್ತಿತ್ತು. ಅಷ್ಟರೊಳಗೆ ಆಕ್ಸಿಲರೇಟರ್ ತುಳಿದರೆ ಒಳಗಿರುವುದೆಲ್ಲ ಸವೆದುಹೋಗುತ್ತದೆಂದು ಟೀಚರ್ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಿ, ಅದು ಹೂಂ ಅನ್ನುವ ತನಕ ಕಾಯಿಸುತ್ತಿದ್ದರು. ಗ್ಯಾರೇಜು ಇಟ್ಟಿದ್ದ ಮೈದುನ ಬಂದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದ. ಈ ಮಾದರಿಗೆ ಬಿಡಿಭಾಗ ಸಿಗುವುದಿಲ್ಲ, ಹೊಸ ಎಣ್ಣೆ ಹಾಕಿದರೆ ಈಗಿರುವ ಹಿಡಿತವೂ ಹೋದೀತು, ಗುಜರಿಗೆ ಹಾಕಿ ಅತ್ತಿಗೆ ಎನ್ನುತ್ತಿದ್ದ. ಅತ್ತಿಗೆ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಹೊಲಿಗೆಯವಳು ಕಲಿಯಲು ಬಂದಳು. ಚಿಕ್ಕಂದಿನಲ್ಲೇ ಎಡಗಾಲು ಸೊರಗಿಹೋಗಿತ್ತು. ಊರುಗೋಲು ಹಿಡಿದೇ ಓಡಾಟ. ಬಟ್ಟೆ ತರುವುದು, ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸುವುದು, ಎಲ್ಲಕ್ಕೂ ಅವಳ ಅಣ್ಣ ಗಾಡಿ ಓಡಿಸುತ್ತಿದ್ದ. ಈಗ ಅವನಿಗೆ ಪರವೂರಿನಲ್ಲಿ ಕೆಲಸವಾಗಿತ್ತು. ತಂಗಿಗೆ ಲೈಸೆನ್ಸ್ ಬಂದರೆ ನೋಡಿಟ್ಟಿರುವ ಆಟೋಮ್ಯಾಟಿಕ್ ಗಾಡಿಯೊಂದನ್ನು ಕೊಡಿಸಿ ಹೋಗುವುದು, ಬಾರದಿದ್ದರೆ ಅಂಗಡಿ ಮುಚ್ಚಿಸಿ ಜೊತೆಗೆ ಕರೆದೊಯ್ಯುವುದು ಎಂದು ತೀರ್ಮಾನಿಸಿದ್ದ. ಪ್ರೀತಿಯಿಂದಲೇ ಹಾಗೆಂದಿದ್ದ, ಪಾಪ. ಆದರೆ ಅಣ್ಣನ ಮನೆಯ ಮೂಲೆಯಲ್ಲಿ ಕೂತು ಉಣ್ಣುವುದು ಅವಳಿಗೆ ಬೇಕಿರಲಿಲ್ಲ.

ಮೊದಲ ಸಲದ ಪರೀಕ್ಷೆಯಲ್ಲಿ ಅವಳು ಫೇಲಾದಳು. ಉರಿಬಿಸಿಲಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡು ಸಾಲಿನಲ್ಲಿ ಕಾದು ಕಾದು ಗೇರ್‌ಬಾಕ್ಸಿನ ಎಣ್ಣೆ ಕಾದು ನೀರಾಗಿತ್ತು. ರಿವರ್ಸ್ ಹಿಡಿಯಲೇ ಇಲ್ಲ. ಫೇಲಾದದ್ದು ತನ್ನ ಗಾಡಿಯೇ ಹೊರತು ಅವಳಲ್ಲ ಎಂದು ಟೀಚರಿಗೆ ಅನ್ನ ಸೇರಲಿಲ್ಲ. ಹೊಸ ಆಟೋಮ್ಯಾಟಿಕ್ ಕಾರಿದ್ದ ಒಂದಿಬ್ಬರ ಬಾಗಿಲಿಗೂ ಹೋಗಿ ಕೇಳಿ ಬಂದರು. ಕಲಿಯುವವರ ಕೈಗೆ ಕೊಡಲು ಅವರು ಸುತರಾಂ ಒಪ್ಪಲಿಲ್ಲ. ಅಣ್ಣ ಹೊರಡುವುದರೊಳಗೆ ಉಳಿದದ್ದು ಇನ್ನೊಂದೇ ಅವಕಾಶ.

ಆ ದಿನ ಟೀಚರ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಬಂದರು. ಪರೀಕ್ಷೆಯ ಮೈದಾನ ತಲುಪಿದ್ದೇ ತಡ, ಇಂಜಿನ್ ಆಫ್ ಮಾಡಿ, ಗೇರನ್ನು ನ್ಯೂಟ್ರಲಿಗೆ ಹಾಕಿ, ಹೊಲಿಗೆಯವಳನ್ನು ಸ್ಟೀರಿಂಗ್ ಮುಂದೆ ಕೂರಿಸಿದರು. ಸಾಲು ಒಂದು ಗಾಡಿಯಷ್ಟು ಮುಂದೆ ಸರಿದಾಗಲೆಲ್ಲ ತಾವು ಹಿಂದಿನಿಂದ ತಳ್ಳುವುದು. ಅರವತ್ತು ದಾಟಿದ ಜೀವ! ಸಾಲಿನಲ್ಲಿದ್ದವರು ಮೊದಮೊದಲು ಮುಸಿಮುಸಿ ನಕ್ಕರು, ಬ್ಯಾಟರಿ ಸತ್ತಿದೆಯಾ ಅಜ್ಜಿ ಎಂದು ಒಬ್ಬ ಕೇಳಿದ. ಬ್ಯಾಟರಿ ಬದುಕಿದೆಯಪ್ಪ, ನಿನ್ನ ಕೈಗೇನಾಗಿದೆ ಎಂದು ಟೀಚರ್ ಕೇಳಿದ ಮೇಲೆ ಅವನೇ ಇಳಿದು ಬಂದು ಹೆಗಲು ಕೊಟ್ಟ. ಅವನ ಹಿಂದೆ ಮತ್ತೊಬ್ಬ ಬಂದ. ಟೀಚರ್ ಬೆವರಲ್ಲಿ ತೊಯ್ದುಹೋದರು, ಕಾರು ಮಾತ್ರ ತಣ್ಣಗಿತ್ತು.

ಸರದಿ ಬಂತು. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಹತ್ತಿ ಕೂತರು. ಹೊಲಿಗೆಯವಳು ಕಾರನ್ನು ಮುಂದಕ್ಕೆ ಹೂವು ಎತ್ತಿದ ಹಾಗೆ ಒಯ್ದಳು. ತಿರುವಿನ ತುದಿಯಲ್ಲಿ, ಟೀಚರ್ ನಿಂತಿದ್ದ ಬೇಲಿಯ ಪಕ್ಕದಲ್ಲೇ, ನಿಲ್ಲಿಸಿ ರಿವರ್ಸ್ ಹಾಕಿದಳು. ಕಾರು ಸುಮ್ಮನಿತ್ತು. ಅವಳೂ ಸುಮ್ಮನಿದ್ದಳು. ಇನ್‌ಸ್ಪೆಕ್ಟರು ಪೆನ್ನು ತೆಗೆದರು.

"ಯಾಕಮ್ಮ, ಭಯ ಆಗ್ತಿದೆಯಾ?"

"ಇಲ್ಲ ಸಾರ್. ಗಾಡಿ ಇನ್ನೂ ಹೂಂ ಅಂದಿಲ್ಲ."

ಅವರು ಪೆನ್ನು ಹಿಡಿದುಕೊಂಡೇ ಅವಳ ಮುಖ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಹೂಂ ಎಂದಿತು, ಮೈ ಅದುರಿತು. ಅವಳು ಕತ್ತು ತಿರುಗಿಸಿ, ಎಲ್ಲೂ ಗೆರೆ ಮುಟ್ಟದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಳು. ಬೇಲಿ ಹಿಡಿದು ನಿಂತಿದ್ದ ಟೀಚರಿಗೆ ಆ ಕಾರನ್ನು ಅಪ್ಪಿಕೊಳ್ಳೋಣ ಅನ್ನಿಸಿತು.

ಪಾಸಾಯಿತು. ಸುದ್ದಿ ತಿಳಿದ ಅಣ್ಣ, ನೋಡಿಟ್ಟಿದ್ದ ಗಾಡಿಗೆ ಮುಂಗಡ ಕೊಟ್ಟುಬರಲು ಓಡಿದ. ಹೊಲಿಗೆಯವಳು ಅತ್ತು, ನಕ್ಕು, ಮೂಗು ಒರೆಸಿಕೊಂಡು ಪಕ್ಕದ ಸೀಟಿನಲ್ಲಿ ಕೂತಳು. ಟೀಚರೇ ಓಡಿಸಲು ಕೂತರು. ಮೈದಾನದ ಅಂಚಿನಲ್ಲಿ ನಿಲ್ಲಿಸಿದ್ದ ಕಾರಿನ ಮೂತಿ ಗೋಡೆಗಿತ್ತು. ಹಿಂದಕ್ಕೆ ತೆಗೆಯದೆ ದಾರಿಯಿಲ್ಲ. ರಿವರ್ಸ್ ಹಾಕಿ ಕಾದರು. ಹೂಂ ಬರಲಿಲ್ಲ. ತೆಗೆದು ಮತ್ತೆ ಹಾಕಿದರು. ಇಂಜಿನ್ ತನ್ನ ಪಾಡಿಗೆ ಗುಂಯ್‌ಗುಟ್ಟುತ್ತಿತ್ತು, ಕೆಳಗಿನಿಂದ ಯಾವ ಸದ್ದೂ ಇಲ್ಲ. ಅದರ ಪ್ರತಿಯೊಂದು ಕೆಮ್ಮನ್ನೂ ಬಲ್ಲ ಟೀಚರಿಗೆ ತಿಳಿದುಹೋಯಿತು. ಉಳಿದಿದ್ದ ಕೊನೆಯ ಹಿಡಿತವನ್ನು ಅದು ಆಗಲೇ ಪರೀಕ್ಷೆಯಲ್ಲಿ ಕೊಟ್ಟು ಬಂದಿತ್ತು. ಕಣ್ಣು ತುಂಬಿ ಬಂದು, ಕಾಣಬಾರದೆಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಹೊಲಿಗೆಯವಳಿಗೆ ಏನೂ ಗೊತ್ತಾಗಲಿಲ್ಲ. ಕಲಿಸಿದ ಹಾಗೆ ಕೈಕಟ್ಟಿ ಕಾಯುತ್ತಿದ್ದಳು.

"ನಿಧಾನಕ್ಕೆ ಅನ್ನಲಿ ಬಿಡಿ ಟೀಚರ್," ಎಂದಳು. "ಈಗ ನನಗೇನೂ ಅವಸರ ಇಲ್ಲ."

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು, ಸ್ಟೀರಿಂಗನ್ನು ಒಮ್ಮೆ ಸವರಿ, "ಹೂಂ" ಎಂದರು. ಇಂಜಿನ್ ಆರಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಇಳಿದರು.

"ಈ ಕಡೆ ಬಾ. ಲೈಸೆನ್ಸ್ ಇರೋಳು ನೀನು, ನೀನೇ ಹಿಡಿ."

ಅವಳು ಸರಿದು ಕೂತ ಮೇಲೆ, ಗೋಡೆಗೂ ಕಾರಿಗೂ ನಡುವೆ ಹೋಗಿ ನಿಂತು, ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು, ಟೀಚರ್ ತಳ್ಳತೊಡಗಿದರು.