ಗಾಡಿಯ ಮೇಲಿನ ಮೊದಲ ಹೆಸರು

ದಾವಣಗೆರೆಯ ವಿನೋಬನಗರದಲ್ಲಿ ಪೇಂಟರ್ ಪಾಲಯ್ಯನ ಕೈ ತಾಗದ ಬೋರ್ಡೇ ಇರಲಿಲ್ಲ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಲಾರಿಯ ಹಿಂಬದಿ, ಎಲ್ಲ ಅವನದೇ ಅಕ್ಷರ. ಓದಿದ್ದು ಮೂರನೇ ಕ್ಲಾಸು. ಆದರೆ ಅಕ್ಷರದ ವಿಷಯಕ್ಕೆ ಬಂದರೆ ಮಹಾ ಜಂಬ. ಆ ಜಂಬಕ್ಕಿಷ್ಟು ಬೆಂಕಿ ಬೀಳಲಿ!

ಅವನನ್ನು ಸಾಕಿದವಳು ಅಕ್ಕ ಕೆಂಚವ್ವ, ಹರಿಹರದಾಚೆ ಹೊಳೆದಂಡೆಯ ಹಳ್ಳಿಯವಳು. ಸುತ್ತಲಿನ ಆರು ಊರಿಗೆ ಒಂದು ಆಂಬುಲೆನ್ಸ್ ಬೇಕೆಂದು ಜನ ಎದ್ದು ನಿಂತಾಗ, ತೊಂಬತ್ತೆಂಟರ ಸುಗ್ಗಿಯಲ್ಲಿ, ಕಣದಿಂದ ಕಣಕ್ಕೆ ಚೀಲ ಹೊತ್ತು ನಡೆದು ಜೋಳ ಎತ್ತಿದವಳು ಅವಳೇ. "ರಾಶಿ ಮ್ಯಾಲಿಂದ ಒಂದು ಮೊರ ಹಾಕ್ರಪ್ಪ, ನಾಳೆ ನಿಮ್ಮನ್ನೇ ಹೊತ್ಕಂಡು ಹೋಗ್ತೈತೆ" ಎಂದರೆ ಇಲ್ಲ ಎನ್ನುವ ಎದೆ ಯಾರಿಗಿತ್ತು? ಆ ಜೋಳ ಮಾರಿದ ದುಡ್ಡಿಗೆ ದೊಡ್ಡವರ ದೇಣಿಗೆಯೂ ಸೇರಿ ಹಳೆಯದೊಂದು ಮೆಟಡಾರ್ ವ್ಯಾನು ಬಂತು.

ಬಂದ ಗಾಡಿ ನೆಟ್ಟಗೆ ಊರಿಗೆ ಹೋಯಿತೇ? ಎಲ್ಲಿಯ ಮಾತು! ದಾನಿಗಳ ಹೆಸರು ಬರೆಸಬೇಕೆಂದು ಪಾಲಯ್ಯನ ಶೆಡ್ಡಿಗೆ ಬಂತು. ಮೊದಲ ಹೆಸರು ಯಾರದೆಂದು ತಕರಾರು ಶುರುವಾಯಿತು. ಆಂಬುಲೆನ್ಸ್ ಸಮಿತಿಯ ಅಧ್ಯಕ್ಷರು, ಎಸ್.ಎಸ್. ಬಡಾವಣೆಯ ವ್ಯಾಪಾರಿ ಕೊಟ್ಟೂರಪ್ಪ, ತಮ್ಮದೆಂದರು. ಇನ್ನೊಬ್ಬ ದಾನಿ ಬಕ್ಕೇಶ್ ತಮ್ಮದೆಂದರು. ಪಾಲಯ್ಯ ಬರೆದ, ಟರ್ಪೆಂಟೈನ್ ಹಾಕಿ ಒರೆಸಿದ, ಮತ್ತೆ ಬರೆದ. ತೀರ್ಮಾನವಾಗುವವರೆಗೆ ಗಾಡಿ ಅಲುಗಬಾರದೆಂದು ಕೀಲಿ ಕೊಟ್ಟೂರಪ್ಪನವರ ಜೇಬು ಸೇರಿತು. ಹೀಗೇ ಇಪ್ಪತ್ತು ದಿನ!

ಕೆಂಚವ್ವ ಬಸ್ಸು ಹತ್ತಿ ತಮ್ಮನ ಶೆಡ್ಡಿಗೇ ಬಂದಳು. "ಹೆಸ್ರು ಆಮ್ಯಾಲೆ ಬರೀವಂತೆ. ಮೊದ್ಲು ಗಾಡಿ ಕಳ್ಸಾಕೆ ಹೇಳೋ ತಮ್ಮಾ."

"ಅರ್ಧಂಬರ್ಧ ಬರ್ದ ಗಾಡಿ ರೋಡಿಗೆ ಬಿಟ್ರೆ ನನ್ನ ಮರ್ಯಾದಿ ಏನಾಗ್ಬೇಕಕ್ಕಾ? ನಾಕು ದಿನ ತಡಿ" ಎಂದ ಪಾಲಯ್ಯ.

ಅಕ್ಕ ಊರಿಗೆ ಹಿಂತಿರುಗಿದ ಮೂರನೆಯ ದಿನ ಎದುರಿನ ಎಸ್‌ಟಿಡಿ ಬೂತಿಗೆ ಊರಿನಿಂದ ಫೋನ್ ಬಂತು. ಹೊಲದಲ್ಲಿ ಕೆಂಚವ್ವನಿಗೆ ಹಾವು ಕಚ್ಚಿದೆ, ಬೇಗ ಗಾಡಿ ಕಳಿಸಿ ಎಂದರು.

ಪಾಲಯ್ಯ ಆಟೋ ಹಿಡಿದು ಕೀಲಿಗಾಗಿ ಓಡಿದ. ಕೊಟ್ಟೂರಪ್ಪ ಬೀಗರ ಮನೆಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಹೆಂಡತಿ ಗುರುಶಾಂತಮ್ಮ ಬೀರು, ಅಂಗಿ ಜೇಬು, ದೇವರ ಗೂಡು, ಎಲ್ಲ ತಡಕಾಡಿದರು. "ಏನ್ ಮಾಡ್ಲಪ್ಪಾ, ಎಲ್ಲೂ ಇಲ್ಲ" ಎಂದು ಅತ್ತೇಬಿಟ್ಟರು. ಅವನಾದರೂ ಏನು ಮಾಡಿಯಾನು? ಅದೇ ಆಟೋದಲ್ಲಿ ಹರಿಹರಕ್ಕೆ ಹೋದ. ಹೊಳೆಯ ಸೇತುವೆಯ ಮೇಲೆ ಊರವರ ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನಲ್ಲಿ ಕೆಂಚವ್ವ ಮಲಗಿದ್ದಳು. ಇನ್ನು ಅವಳನ್ನು ಆಸ್ಪತ್ರೆಗೆ ಒಯ್ಯುವ ಅವಸರ ಯಾರಿಗೂ ಇರಲಿಲ್ಲ. ಪಾಲಯ್ಯ ಬಾಯಿ ಬಾಯಿ ಬಡಿದುಕೊಂಡು ಅತ್ತ.

ತಿಥಿ ಮುಗಿದ ಮರುದಿನ ಕೊಟ್ಟೂರಪ್ಪ, ಬಕ್ಕೇಶ್ ಇಬ್ಬರೂ ಜೊತೆಯಾಗಿ ಶೆಡ್ಡಿಗೆ ಬಂದರು.

"ಈಗ ಯಾರ್ದೂ ತಕರಾರಿಲ್ಲ ಪಾಲಯ್ಯ. ಮೊದ್ಲು ಕೆಂಚವ್ವನ ಹೆಸ್ರು ಬರಿಯಪ್ಪ" ಎಂದರು ಕೊಟ್ಟೂರಪ್ಪ.

ಬಣ್ಣದ ಡಬ್ಬ ಎತ್ತಿ ಅವರ ಮುಖಕ್ಕೆ ಎರಚಬೇಕೆನಿಸಿತು ಪಾಲಯ್ಯನಿಗೆ. ಆದರೆ ಯಾವ ಬಾಯಲ್ಲಿ ಬಯ್ಯುವುದು? ನಾಕು ದಿನ ತಡಿ ಎಂದವನು ತಾನೇ ಅಲ್ಲವೇ!

"ಅಕ್ಷರ ಎಷ್ಟು ದಪ್ಪ ಇರ್ಲಿರಿ?" ಎಂದು ಕೇಳಿದ.

"ದೂರಕ್ಕೆ ಕಾಣಂಗಿರ್ಲಿ."

ಬರೆದ. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ಕೊಟ್ಟೂರಪ್ಪ ಕೀಲಿ ತೆಗೆದುಕೊಟ್ಟರು, ಬಣ್ಣ ಒಣಗುವ ಮೊದಲೇ ಗಾಡಿ ಊರಿಗೆ ಹೊರಟಿತು. ಉಳಿದ ಹೆಸರುಗಳೆಲ್ಲ ಬರೆಯುವುದು ಬಾಕಿಯೇ ಇತ್ತು. ಯಾರೂ ಕೇಳಲಿಲ್ಲ, ಪಾಲಯ್ಯನೂ ತಡೆಯಲಿಲ್ಲ.