ಸ್ಲಾಟಿನ ಮೂಲೆಯ ಸೋಲ್ಡರ್

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಊರೂರಿಗೆ ಕೇಬಲ್ ಬಂದಿದ್ದ ಕಾಲಕ್ಕೆ ತಿಪಟೂರಿನಲ್ಲಿ ನನ್ನದು ಟಿ.ವಿ. ರಿಪೇರಿ ಅಂಗಡಿ. ಹೊನ್ನವಳ್ಳಿಯಿಂದ ಹಂದನಕೆರೆಯವರೆಗೆ, ನನ್ನ ಕೈ ತಾಗಿದ ಸೆಟ್ಟು ಮತ್ತೆ ಕೆಟ್ಟಿತೆಂದು ಯಾರೂ ಹೊತ್ತು ತಂದಿರಲಿಲ್ಲ. ಅದಕ್ಕೇ ಆ ಆಂಟೆನಾ ಬೆಂಗಳೂರಿನಿಂದ ವಾಪಸ್ ಬಂದಾಗ ಮೈ ಉರಿಯಿತು.

ಮಾಡಿಸಿದವರು ಎಂಜಿನಿಯರಿಂಗ್ ಕಾಲೇಜಿನ ಮೇಡಂ, ಪಿಎಚ್.ಡಿ.ಗೆಂದು. ಅಂಗೈಯಗಲದ ಬೋರ್ಡು, ಒಂದು ಮಗ್ಗುಲಿಗೆ ಮಾತ್ರ ತಾಮ್ರ. ಕೆಳಗೆ ಥರ್ಮೋಕೋಲ್, ಅದರ ಕೆಳಗೆ ತಗಡು. ತಾಮ್ರದ ನಡುವೆ ಇಂಗ್ಲಿಷಿನ ಯು ಆಕಾರದಲ್ಲಿ ಒಂದು ಮಿಲಿಮೀಟರ್ ಅಗಲದ ಸ್ಲಾಟು, ಅಂದರೆ ತಾಮ್ರವಿಲ್ಲದ ಸೀಳು. ಸ್ಲಾಟಿಲ್ಲದಿದ್ದರೆ ಆಂಟೆನಾ ತರಂಗಗಳ ಕಿರಿದಾದ ಒಂದೇ ಬ್ಯಾಂಡು ಹಿಡಿಯುತ್ತದೆ, ಇದ್ದರೆ ಬ್ಯಾಂಡು ಅಗಲವಾಗುತ್ತದೆ ಎಂದಿದ್ದರು. ಟೇಪು ಅಂಟಿಸಿ, ಆಸಿಡ್ಡಿನಲ್ಲಿ ಅದ್ದಿ ಬೇಡದ ತಾಮ್ರ ಕರಗಿಸಿ, ಗೆರೆ ತಪ್ಪದಂತೆ ಮಾಡಿಕೊಟ್ಟಿದ್ದೆ. ಬೆಂಗಳೂರಿನ ಲ್ಯಾಬಿನಲ್ಲಿ ಅಳೆದರೆ ಬ್ಯಾಂಡು ಅಗಲವಾಗಿರಲೇ ಇಲ್ಲ.

"ಸ್ಲಾಟ್ ಸರಿಯಾಗಿದೆಯಾ ನೋಡಿ ಯಜಮಾನ್ರೇ," ಎಂದರು.

"ನನ್ ಕೆಲ್ಸ ಸರಿಯಾಗೇ ಐತೆ ಮೇಡಂ. ನಿಮ್ ಲೆಕ್ಕನೇ ಇನ್ನೊಂದ್ಸಲ ನೋಡ್ಕಳಿ."

ಬೋರ್ಡನ್ನು ಕೈಗೆ ತೆಗೆದುಕೊಳ್ಳದೇ ಹೇಳಿದ ಮಾತು. ಅವರು ನಂಬಿದರು. ಸ್ಲಾಟಿನ ಜಾಗ ಬದಲಿಸಿ ಹೊಸ ನಕ್ಷೆ ತಂದರು, ಇನ್ನೊಂದು ಮಾಡಿಕೊಟ್ಟೆ. ಲ್ಯಾಬಿನ ಸರದಿ ತಿಂಗಳಿಗೊಮ್ಮೆ. ಅದೂ ಹಾಗೇ ವಾಪಸ್ ಬಂತು.

"ಇನ್ನೊಂದೇ ಸರದಿ ಇರೋದು. ಆಮೇಲೆ ಥೀಸಿಸ್ ಕೊಡ್ಲೇಬೇಕು," ಎಂದು ಎರಡನ್ನೂ ಮೇಜಿನ ಮೇಲಿಟ್ಟು ಹೋದರು.

ತಗಡು, ಥರ್ಮೋಕೋಲ್ ಬಿಚ್ಚಿ ಬೋರ್ಡಿಗೆ ಮೀಟರ್ ಹಚ್ಚಿದರೆ ಎಲ್ಲಿಟ್ಟರೂ ಬೀಪ್. ಸ್ಲಾಟಿನ ಸುತ್ತ ತಾಮ್ರ ಕೂಡಿಕೊಂಡೇ ಇರುವುದರಿಂದ ಸರಿಯಿದ್ದರೂ ಬೀಪ್, ತಪ್ಪಿದ್ದರೂ ಬೀಪ್. ಟಿ.ವಿ.ಯಾದರೆ ಚಿತ್ರ ಬಂತೋ ಇಲ್ಲವೋ ಕಾಣುತ್ತದೆ. ನಾನು ಮಾಡಿದ್ದನ್ನು ನಾನೇ ಪರೀಕ್ಷಿಸಲಾಗದಂಥ ದರಿದ್ರ ಕೆಲಸ ಅದುವರೆಗೆ ಬಂದಿರಲಿಲ್ಲ.

ಪಕ್ಕದಂಗಡಿಯ ಟೈಲರ್ ಟೀಗೆ ಬಂದವರು ಮೊದಲನೆಯದನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದರು.

"ಈ ಕಾಜಾ ನೀನೇ ತೆಗ್ದಿದ್ದಾ?"

"ಕಾಜಾ ಅಲ್ಲ ಭಾಯ್, ಸ್ಲಾಟು."

"ಏನೋ ಒಂದು. ಮೂಲೇಲಿ ಹೊಲ್ದ್‌ಬುಟ್ಟಿದ್ದೀಯ ಕಣಪ್ಪ. ನಾನಿಂಗೆ ಕಾಜಾ ಮಾಡುದ್ರೆ ಗಿರಾಕಿ ಗುಂಡಿ ಹಾಕ್ಲಾರ್ದೆ ಎದೆ ಬುಟ್ಕಂಡೇ ಮದ್ವೆಗೆ ಹೋಗ್ಬೇಕು."

ಕಿತ್ತುಕೊಂಡು ನೋಡಿದೆ. ತಾಮ್ರವಿಲ್ಲದ ಸ್ಲಾಟಿನುದ್ದಕ್ಕೂ ಬೋರ್ಡಿನ ಮೂಲಕ ಬೆಳಕು ಹಾಯುತ್ತಿತ್ತು, ಎರಡು ತಿರುವುಗಳಲ್ಲಿ ಮಾತ್ರ ಕಪ್ಪು. ಎರಡನೆಯದರಲ್ಲೂ ಅದೇ. ಬರಿ ತಾಮ್ರ ಕಿಲುಬು ಹಿಡಿಯುತ್ತದೆಂದು ಯಾವ ಬೋರ್ಡು ಮಾಡಿದರೂ ಮೇಲೆ ತೆಳ್ಳಗೆ ಬೆಸುಗೆಯ ಸೋಲ್ಡರ್ ಕರಗಿಸಿ ಹರಡಿ, ಬೆಳ್ಳಿಯಂತೆ ಹೊಳೆಯಿಸಿ ಕೊಡುವುದು ನನ್ನ ಪದ್ಧತಿ. ನಕ್ಷೆಯಲ್ಲಿ ಅದಿರಲಿಲ್ಲ, ಮೇಡಂ ಕೇಳಿರಲೂ ಇಲ್ಲ. ಆ ಸೋಲ್ಡರ್ ಮೂಲೆಗಳಲ್ಲಿ ಹರಿದು ಸ್ಲಾಟನ್ನು ದಾಟಿ ಕೂಡಿಕೊಂಡಿತ್ತು.

ಮಾರನೆಯ ದಿನ ಕಾಲೇಜಿಗೆ ನಾನೇ ಹೋದೆ. "ಮೊದಲ್ನೇ ನಕ್ಷೆನೇ ಕೊಡಿ ಮೇಡಂ. ತಪ್ಪು ನಂದು," ಎಂದು ಮೂಲೆಗಳನ್ನು ತೋರಿಸಿದೆ.

ಅವರು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಒಂದು ತಿಂಗ್ಳು ಕೂತು ಸರಿಯಿದ್ದ ಲೆಕ್ಕ ತಿದ್ದಿದೀನಿ ಯಜಮಾನ್ರೇ."

ಮೊದಲನೆಯ ನಕ್ಷೆ ಇಸಿದುಕೊಂಡು ಅಂಗಡಿಗೆ ಮರಳಿದೆ.

ಮೂರನೆಯದನ್ನು ಬರಿ ತಾಮ್ರದಲ್ಲೇ ಕೊಟ್ಟೆ. ಅರೆಬರೆ ಕೆಲಸ ಕೊಟ್ಟಂತೆ ಕೈ ಹಿಂಜರಿಯಿತು. ಸರದಿ ಮುಗಿಸಿ ಬಂದ ಮೇಡಂ ಗ್ರಾಫು ಬಿಡಿಸಿ ತೋರಿಸಿದರು. ಹಿಂದೆ ಕಿರಿದಾದ ಒಂದೇ ತಗ್ಗಿದ್ದಲ್ಲಿ ಈಗ ಎರಡು ತಗ್ಗು ಕೂಡಿ ಬ್ಯಾಂಡು ಅಗಲವಾಗಿತ್ತು.

"ಬಂತು," ಎಂದರು.

"ಮೊದಲ್ನೇ ಸಲಾನೇ ಬರ್ಬೇಕಿತ್ತು ಮೇಡಂ," ಎಂದೆ.

ಅವರು ಅಲ್ಲವೆನ್ನಲಿಲ್ಲ.